ಎರಡನೆಯ ದನಿಯ ಒಪ್ಪಿಗೆ

ಮಾರಿಟ್ ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಏನೋ ಬಿಳಿಯದು ಉದುರುತ್ತಿದೆ, ಹಿಮವಿರಬೇಕು, ಅಥವಾ ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲಿನ ಧೂಳು, ಬೆರಳಿನಿಂದ ಒರೆಸಿದರೂ ಉದುರುತ್ತಲೇ ಇದೆ, ಹಿಮವೇ ಹಾಗಾದರೆ — ಎಸ್ಟೋನಿಯಾದಲ್ಲಿ ಈಗ ಬೆಳಗಿನ ಹನ್ನೊಂದು, ಇಲ್ಲಿ ಬಾಬುರಾಯನಕೊಪ್ಪಲಿನಲ್ಲಿ ಮಧ್ಯಾಹ್ನ ಎರಡೂವರೆ, ಮೈಸೂರು ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳು ಒಂದರ ಹಿಂದೆ ಒಂದು, ನಡುಮನೆಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಾಳೆ, ಸಿಪ್ಪೆ ಮೊರಕ್ಕೆ ಬೀಳುವ ಸದ್ದು ನನಗೆ ಕೇಳುತ್ತದೆ, ಅವರಿಗೆ ಕೇಳುವುದಿಲ್ಲ, ನನ್ನ ಮೈಕು ಮುಚ್ಚಿದೆ. ಆರು ವಿಷಯಗಳ ಸಭೆ, ಈಗ ಎರಡನೆಯದು, ಮೊದಲ ಸೆಮಿಸ್ಟರು ಯಾವ ದೇಶದಲ್ಲಿ, ಕೊನೆಯದು ಯಾವ ದೇಶದಲ್ಲಿ, ಇಟಲಿಯವರು ಕೊನೆಯದು ತಮಗೇ ಬೇಕೆನ್ನುತ್ತಿದ್ದಾರೆ, ಸಭೆ ನಡೆಸುತ್ತಿರುವ ಮಾರಿಟ್ ನಗುತ್ತಾ ಬರೆದುಕೊಳ್ಳುತ್ತಿದ್ದಾರೆ, ಆರನೆಯದು ನನ್ನದು, ಪವಿತ್ರ, ಮೈಸೂರು, ಕ್ಷೇತ್ರಕಾರ್ಯ — ಹೆಸರಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ, ಬೇರೆ ಯಾರ ಹೆಸರಿನ ಪಕ್ಕದಲ್ಲೂ ಅದಿಲ್ಲ. ಒಂದೂವರೆ ವರ್ಷದಿಂದ ಕಟ್ಟುತ್ತಿದ್ದೇವೆ ಇದನ್ನು, ಭಾಷಾ ತಂತ್ರಜ್ಞಾನದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ, ಮೂರು ದೇಶದ ಮೂರು ವಿಶ್ವವಿದ್ಯಾಲಯ ಸೇರಿ ಕೊಡುವ ಒಂದೇ ಪದವಿ, ಒಂದೇ ಪ್ರಮಾಣಪತ್ರದ ಮೇಲೆ ಮೂರು ಮುದ್ರೆ, ಯಂತ್ರಗಳಿಗೆ ಮಾತು ಕಲಿಸುವುದು ಹೇಗೆಂದು ಹುಡುಗ ಹುಡುಗಿಯರಿಗೆ ಕಲಿಸುತ್ತೇವೆ ಎಂದು ಅವ್ವನಿಗೆ ಬಿಡಿಸಿ ಹೇಳಿದ್ದಕ್ಕೆ, ಮಿಷನ್ಗ್ಯಾಕವ್ವ ಮಾತು, ಮನುಷ್ರೇ ಮನೇಲಿ ಮಾತಾಡ್ತಿಲ್ವಲ್ಲ ಈವಾಗ, ಅಂದಿದ್ದಳು, ನನ್ನ ಮುಖ ನೋಡಿಯೇ ಅಂದಿದ್ದಳು. ಆರು ವಾರ ಆ ವಿದ್ಯಾರ್ಥಿಗಳು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಊರೂರು ತಿರುಗಿ ಜನರ ಮಾತನ್ನು ದಾಖಲಿಸಬೇಕು, ಪುಸ್ತಕದ ಮಾತಲ್ಲ, ಹಕಾರ ಜಾರಿಹೋಗುವ ನಮ್ಮ ಮಾತನ್ನು — ಅದೊಂದು ನನ್ನ ಹಟ. ಅದು ಇವತ್ತು ಒಪ್ಪಿಗೆಯಾಗದಿದ್ದರೆ ಕ್ಷೇತ್ರಕಾರ್ಯ ಅವರ ಕಡೆಯ ಯಾವುದೋ ದ್ವೀಪಕ್ಕೆ ಹೋಗುತ್ತದೆ, ಅದರ ಜೊತೆಗೇ ಕನ್ನಡ ಪಠ್ಯದಿಂದ ಹೊರಗೆ ಹೋಗುತ್ತದೆ, ಅಷ್ಟು ಸರಳ.

ಮಾದರಿ ತೋರಿಸಿ ಎಂದಿದ್ದರು, ಅದಕ್ಕೇ ನಾನೊಬ್ಬಳೇ ಹೋಗಿ ನಲವತ್ತು ಜನರನ್ನು ಮಾತಾಡಿಸಿ ತಂದೆ, ಭತ್ತದ ನಾಟಿ, ಹಾಲಿನ ಡೇರಿ, ಮದುವೆ, ಕಲ್ಲಿನ ಕ್ವಾರಿ, ಅವುಗಳಲ್ಲಿ ಹನ್ನೊಂದು ಮಾತ್ರ ಕತೆಗಳು, ಅಜ್ಜಿಯರು ಹೇಳಿದ ಹಳೆಯ ಕತೆಗಳು. ನನ್ನ ನಿಯಮ ಒಂದೇ, ಪಾಠದಲ್ಲೂ ಅದನ್ನೇ ಬರೆದಿದ್ದೇನೆ, ದಾಖಲಿಸುವವರು ಬಾಯಿ ಬಿಡಬಾರದು, ತಲೆಯಾಡಿಸಿ, ಕಣ್ಣಲ್ಲಿ ಕೇಳಿ, ದನಿ ತೆಗೆಯಬೇಡಿ, ನನಗೆ ಅದು ಕಷ್ಟವೇ ಅಲ್ಲ, ಎಷ್ಟೋ ವರ್ಷದಿಂದ ನಾನು ಬರೀ ಕೇಳುವವಳು. ಕಡತಗಳನ್ನು ಕಳಿಸಿ ಹದಿನೈದು ದಿನಕ್ಕೆ ಮಾರಿಟ್ ಅವರ ಕಾಗದ ಬಂತು, ಪ್ರೀತಿಯ ಪವಿತ್ರ, ಮಾತುಗಳು ಸೊಗಸಾಗಿವೆ, ಆದರೆ ಯಾರು ಯಾವಾಗ ಮಾತಾಡಿದರೆಂದು ಬೇರ್ಪಡಿಸುವ ನಮ್ಮ ತಂತ್ರಾಂಶ ಹನ್ನೊಂದು ದಾಖಲೆಗಳಲ್ಲಿ ಎರಡನೆಯ ದನಿಯೊಂದನ್ನು ಗುರುತಿಸಿದೆ, ಹನ್ನೊಂದರಲ್ಲೂ ಒಂದೇ ದನಿ, ಮಗುವಿನದು, ಆ ಮಗುವಿನ ಪರವಾಗಿ ಪೋಷಕರ ಒಪ್ಪಿಗೆ ಪತ್ರ ನಮ್ಮಲ್ಲಿಲ್ಲ, ಮಕ್ಕಳ ವಿಷಯದಲ್ಲಿ ನಿಯಮ ಬಿಗಿ ಎಂದು ನಿಮಗೆ ಗೊತ್ತು, ದಯವಿಟ್ಟು ಆ ಮಗು ಯಾರೆಂದು ತಿಳಿಸಿ. ಮಗುವೇ ಇರಲಿಲ್ಲ. ಹನ್ನೊಂದು ಊರು, ಹನ್ನೊಂದು ಜಗಲಿ, ಹನ್ನೊಂದು ಜನ ಬೇರೆ ಬೇರೆ ಹೇಳುವವರು, ಎಲ್ಲ ಕಡೆಯೂ ಇದ್ದವಳು ನಾನೊಬ್ಬಳು, ಮತ್ತೆ ಈ ಅಂಗೈಯಗಲದ ರೆಕಾರ್ಡರು — ಕಾಗದದ ಜೊತೆ ಲಿಪ್ಯಂತರವನ್ನೂ ಕಳಿಸಿದ್ದರು, ಒಂದನೆಯ ದನಿ, ಉಪ್ಪು ಮಾರೋನು ಬೆಟ್ಟ ಅತ್ತಿದ, ಎರಡನೆಯ ದನಿ, ಊಂ, ಒಂದನೆಯ ದನಿ, ಅತ್ತಿ ನೋಡಿದ್ರೆ ದಾರೀನೇ ಇಲ್ಲ, ಎರಡನೆಯ ದನಿ, ಊಂ. ಹೂಂ ಅಲ್ಲ, ಊಂ, ಯಂತ್ರಕ್ಕೂ ಗೊತ್ತಾಗಿದೆ ಅದು ನಮ್ಮ ಕಡೆಯ ಮಗು ಎಂದು.

ಧರ್ಮೇಂದ್ರನನ್ನು ಕರೆದೆ, ನಮ್ಮ ವಿಭಾಗದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು, ಚಿನಕುರಳಿಯವನು, ಯಾವುದಕ್ಕೂ ಬೆಚ್ಚದ ಮನುಷ್ಯ. ಮೇಡಂ, ಇದ್ಕೆಲ್ಲ ತಲೆ ಕೆಡುಸ್ಕೊಬ್ಯಾಡಿ, ಮಿಷನ್ನು ಕೆಲವು ಕಿತ ಇಲ್ದೇ ಇರೋದ್ನೂ ಕೇಳುಸ್ಕೊಬುಡ್ತದೆ, ಫ್ಯಾನು, ಮೇಕೆ ಮರಿ, ನಮ್ಮೂರ್ ಕ್ವಾರೀಲಿ ಸಿಡಿಮದ್ದು ಸಿಡುದ್ರೂ ಯಾರೋ ಮಾತಾಡುದ್ರು ಅಂತ ಬರ್ಕೊತದೆ, ಎಲ್ಲಾನೂ ಕತ್ತರ್ಸಿ ಕೊಟ್ಬುಡ್ತೀನಿ, ಅಂದ, ಎರಡು ದಿನ ಕೂತು ಹನ್ನೊಂದರಿಂದಲೂ ಆ ದನಿಯನ್ನು ಕತ್ತರಿಸಿ ಹೊಸ ಕಡತ ಮಾಡಿದ. ಕೊಡುವಾಗ ನನ್ನ ಕಡೆ ನೋಡಲಿಲ್ಲ. ಮೇಡಂ, ಕತ್ತರ್ಸಾದ್ಮೇಲೆ ಒಂದ್ಸಲ ಕೇಳುದೆ, ಸರಿಯಾಗಿಲ್ಲ, ಹೇಳೋರು ಯಾರ್ಗೋ ಕಾದಂಗೆ ಕೇಳುಸ್ತದೆ, ಕಾಯ್ತರೆ, ಕಾಯ್ತರೆ, ಆಮ್ಯಾಕೆ ಮುಂದ್ಕೋಯ್ತರೆ, ಅಂದ. ಆಮೇಲೆ ದನಿ ತಗ್ಗಿಸಿ, ನಂಗೇನೋ ಅದು ಮೇಕೆ ಮರಿ ತರಾನೇ ಕೇಳುಸ್ತದೆ, ನಿಮ್ಗೆ, ಅಂದ. ನನಗೂ ಹಾಗೇ ಧರ್ಮೇಂದ್ರ, ಅಂದೆ. ಸುಳ್ಳು. ಅಷ್ಟು ಹೊತ್ತಿಗಾಗಲೇ ನಾನು ಕೆ.ಆರ್. ಪೇಟೆಯ ಚಿಕ್ಕಬೋರಮ್ಮನ ದಾಖಲೆಯನ್ನು ಕಿವಿಗೆ ಹಾಕಿಕೊಂಡು ಏಳೆಂಟು ಸಲ ಕೇಳಿದ್ದೆ, ಬಟ್ಟೆ ಹೊಲಿಯುತ್ತಲೇ ಕತೆ ಹೇಳುತ್ತಿದ್ದ ಚಿಕ್ಕಬೋರಮ್ಮ ನಡುವೆ ಮರೆತು ನಿಲ್ಲಿಸುತ್ತಾರೆ, ಹೊಲಿಗೆ ಮಿಷನ್ನೂ ನಿಲ್ಲುತ್ತದೆ, ನಾಲ್ಕು ಕ್ಷಣ ಏನೂ ಇಲ್ಲ, ಆಗ ಬಹಳ ಹತ್ತಿರದಿಂದ, ಚಿಕ್ಕಬೋರಮ್ಮನಿಗಿಂತ ಮೈಕಿಗೆ ಹತ್ತಿರದಿಂದ, ಆಮ್ಯಾಕೇ, ಎಂದು ಕೊನೆಯನ್ನು ಎಳೆದು ಕೇಳುತ್ತದೆ ಅದು. ಹಾಗೆ ಎಳೆಯುವವರು ನನಗೆ ಗೊತ್ತಿರುವ ಹಾಗೆ ಒಬ್ಬಳೇ ಒಬ್ಬಳು.

ಮೂರನೆಯ ವಿಷಯ, ಪರೀಕ್ಷೆಯ ಅಂಕಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಹೊಂದಿಸುವುದು, ಕೈಯೆತ್ತಿ, ಎಲ್ಲರೂ ಎತ್ತಿದರು, ನಾನೂ ಎತ್ತಿದೆ. ಕತೆ ಹೇಳಿದ್ದ ಅಜ್ಜಿಯರಲ್ಲೊಬ್ಬರು ಕುಳ್ಳಮ್ಮ, ಇವತ್ತು ಬೆಳಿಗ್ಗೆ ಕೈಯೆತ್ತಿಯೇ ನನ್ನನ್ನು ಕರೆದಿದ್ದು, ನಾಗಮಂಗಲದಿಂದಾಚೆ ಆ ಊರಿನ ಬಸ್‌ಸ್ಟಾಪಿನೆದುರು ಅವರ ಜಗಲಿ, ಹುರುಳಿ ಆರಿಸುತ್ತ ಕೂತಿದ್ದರು, ಕಣ್ಣು ಮಂಜು, ಬೆರಳಿನಿಂದಲೇ ಕಲ್ಲು ಹುಡುಕುತ್ತಾರೆ, ನನ್ನ ಹೆಜ್ಜೆ ಸದ್ದಿಗೇ, ಯಾರು, ಮೈಸೂರಿನ ಮೇಡಮ್ಮೋರಾ, ಬಾರವ್ವ, ಕುಂತ್ಕೊ, ಅಂದರು. ಮೊದಲ ಬಸ್ಸಿಗೇ ಹೋಗಿದ್ದೆ ನಾನು, ಚೀಲದಲ್ಲಿ ಖಾಲಿ ಒಪ್ಪಿಗೆ ಪತ್ರ, ಮನಸ್ಸಿನಲ್ಲಿ ಒಂದೇ ಆಸೆ, ಪಕ್ಕದ ಮನೆಯ ಯಾವುದಾದರೂ ಮಗು ಅವತ್ತು ಅಲ್ಲಿ ಇತ್ತು ಎಂದು ಇವರು ಹೇಳಿಬಿಡಲಿ, ಒಂದು ಕಡೆ ಇದ್ದರೆ ಸಾಕು, ಉಳಿದ ಹತ್ತಕ್ಕೆ ಯಂತ್ರದ ತಪ್ಪು ಎಂದುಬಿಡುತ್ತೇನೆ. ಅಜ್ಜಿ, ಅವತ್ತು ನೀವು ಕತೆ ಹೇಳುವಾಗ ಇಲ್ಲಿ ಮಗು ಯಾರಾದರೂ ಇತ್ತಾ, ಅಂದೆ. ನಮ್ಮನೇಲಿ ಎಲ್ಲದವ್ವ ಮಗು, ಮೊಮ್ಮಕ್ಳೆಲ್ಲ ಬೆಳ್ದು ನಿಂತವ್ರೆ, ನೀನು ಕರ್ಕೊಂಡ್ ಬಂದಿದ್ದೆಯಲ್ಲ, ಅದೇಯ, ಅಂದರು. ನಾನೇ? ಊಂ ಕಣವ್ವ, ನಿನ್ ಬೆನ್ನಿಂದೆ ಕುಂತಿತ್ತಲ್ಲ, ನಂಗೆ ಕಣ್ಣು ಕಾಣಾಕಿಲ್ಲ, ಕಿವಿ ಚೆಂದಾಗದೆ, ಒಳ್ಳೆ ಮಗ, ಕತೆ ಮುಗಿಯಗಂಟ ಒಂದ್ಕಿತಾನೂ ತೂಕಡುಸ್ನಿಲ್ಲ, ನಮ್ಮ್ ಮಕ್ಳಾದ್ರೆ ಅರ್ಧಕ್ಕೇ ನಿದ್ದೆ ಒಡ್ದುಬುಡೋವು, ಅಂದರು, ಹುರುಳಿಯಿಂದ ಒಂದು ಕಲ್ಲು ತೆಗೆದು ಬೀದಿಗೆ ಎಸೆದರು, ನಿನ್ ಮಗಳಾ, ಅಂದರು. ಇಲ್ಲ ಅಜ್ಜಿ, ಅಂದೆ. ಅವರು ಕೈ ಚಾಚಿ ನನ್ನ ಬೆನ್ನಿನ ಹಿಂದೆ, ನೆಲದಿಂದ ಒಂದೂವರೆ ಮೊಳ ಮೇಲೆ, ಗಾಳಿಯಲ್ಲಿ ಸವರಿದರು, ಮಕ್ಕಳ ತಲೆ ಸವರುವ ಎತ್ತರ ಅದು, ಇವತ್ಯಾಕೋ ಸುಮ್ಕದೆ, ಕತೆ ಇಲ್ವಲ್ಲ ಅದ್ಕೇಯ, ಅಂದರು. ಬರುವಾಗ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟು, ಪಕ್ಕದ ಜಾಗ ಪಾಂಡವಪುರದವರೆಗೂ ಖಾಲಿ, ನಿಂತಿದ್ದ ಹೆಂಗಸೊಬ್ಬಳನ್ನು ಕಂಡಕ್ಟರು, ಅಲ್ಲಿ ಕುಂತ್ಕಳಮ್ಮ, ಅಂದ, ಅವಳು ನನ್ನ ಪಕ್ಕ ನೋಡಿ, ಪರ್ವಾಗಿಲ್ಲ ಬುಡಪ್ಪ, ಅಂದಳು, ಅಷ್ಟೇ, ಅವಳಿಗೆ ನಿಲ್ಲುವುದೇ ಹಿತವಾಗಿದ್ದಿರಬಹುದು.

ನಾಲ್ಕನೆಯದು ಮುಗಿಯಿತೇ, ಇಟಲಿಯವರು ಏನೋ ಕೇಳುತ್ತಿದ್ದಾರೆ, ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟುಹೋದರೆ ಹೇಗೆ ಎಂದು, ಅವರ ತುಟಿ ಅಲ್ಲಾಡಿದ ಮೇಲೆ ದನಿ ಬರುತ್ತದೆ — ಮುಂದೆ ನಾನು, ಹಿಂದೆ ಅವಳು, ಅರಕೆರೆಯ ನಾಲೆ ಏರಿ ಅಗಲವಿರಲಿಲ್ಲ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ನನಗೆ ಆಗ ಹನ್ನೊಂದು ವರ್ಷ, ಚಿನ್ನುವಿಗೆ ಏಳು, ನನ್ನ ತಂಗಿ, ಶಾಲೆಯ ಪುಸ್ತಕದಲ್ಲಿ ಅನು, ಕಬ್ಬಿನ ಗದ್ದೆಯಲ್ಲಿದ್ದ ಅಪ್ಪನಿಗೆ ಮಜ್ಜಿಗೆ ಕೊಟ್ಟು ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದೇವೆ, ನಾಲೆ ತುಂಬಿ ಹರಿಯುತ್ತಿದೆ, ಸದ್ದೇ ಇಲ್ಲ, ತುಂಬಿದ ನಾಲೆಗೆ ಸದ್ದಿರುವುದಿಲ್ಲ. ಕತೆ ಹೇಳಕ್ಕೋ, ಅಂದಳು. ನಾನು ಆಗ ಕತೆ ಹೊಸೆಯುವವಳು, ಬಾವಿಯೊಳಗೆ ಅಂಗಡಿ ಇಟ್ಟವನ ಕತೆ ಶುರು ಮಾಡಿದೆ, ಊಂ ಅನ್ನದು ನಿಲ್ಸುದ್ರೆ ಕತೇನೂ ನಿಲ್ಲುಸ್ಬುಡ್ತೀನಿ ಅಂತ ಕರಾರು ಹಾಕಿದೆ, ಅವಳು ಊಂ ಅಂದಳು, ಹೆಂಗಸರು ಬಟ್ಟೆ ಒಗೆಯುವ ಮೆಟ್ಟಿಲು ದಾಟಿದೆವು, ಆಲದ ಮರ ದಾಟಿದೆವು, ಅಂಗಡಿಗೆ ಮೀನು ಬಂತು, ಊಂ, ಆಮೆ ಬಂತು, ಊಂ, ನಾನೊಮ್ಮೆ ಮರೆತು ನಿಂತೆ, ಆಮ್ಯಾಕೇ, ಅಂದಳು, ನಾನು ತಿರುಗಿ ನೋಡಲಿಲ್ಲ, ಯಾಕೆ ನೋಡಬೇಕು, ದನಿ ಇದೆಯಲ್ಲ. ಏರಿ ಇಳಿದು, ಬೀದಿ ಹಿಡಿದು, ನಮ್ಮ ಬಾಗಿಲಿಗೆ ಬಂದಾಗ, ಮುಗೀತು ಕಣೇ, ಅಂದೆ, ಊಂ, ಅಂತು, ತಿರುಗಿದೆ, ಬೀದಿಯಲ್ಲಿ ಬಿಸಿಲು ಮಾತ್ರ. ಅವಳ ಒಂದು ಚಪ್ಪಲಿ ಬಟ್ಟೆ ಒಗೆಯುವ ಮೆಟ್ಟಿಲಲ್ಲಿ ಸಿಕ್ಕಿತು, ಮನೆಯಿಂದ ಅರ್ಧ ಮೈಲಿ ಹಿಂದೆ, ಅವಳು ಸಂಜೆಗೆ ಕೆಳಗಿನ ತೂಬಿನಲ್ಲಿ, ಈಜು ಬಲ್ಲವರು ಎತ್ತಿ ತಂದರು, ಮೆಟ್ಟಿಲ ಹತ್ರಾನೇ ಜಾರಿರಾದು, ಅಂದರು ಎಲ್ಲರೂ. ಅವ್ವ ನನ್ನ ಎರಡೂ ಭುಜ ಹಿಡಿದು, ಎಲ್ಲಿಗಂಟ ಇದ್ಲು ಮಗ ನಿನ್ ಜೊತೆ, ಅಂದಳು. ನಾನು ನೋಡ್ನಿಲ್ಲ ಕಣವ್ವ, ಅಂದೆ. ಅದು ನಿಜ, ನಾನು ನೋಡಲಿಲ್ಲ. ಅವ್ವ ಕೇಳಿದ್ದು ಅದಲ್ಲ ಎಂದು ಹನ್ನೊಂದು ವರ್ಷದವಳಿಗೂ ಗೊತ್ತಿತ್ತು, ಬಾಗಿಲವರೆಗೂ ಊಂ ಅಂತಿದ್ಲು ಎಂದರೆ ಯಾರು ನಂಬುತ್ತಾರೆ, ಮೆಟ್ಟಿಲಲ್ಲಿ ಸತ್ತವಳು ಮರ ದಾಟಿದ ಮೇಲೆ ಆಮ್ಯಾಕೇ ಎಂದಳು ಎಂದರೆ ತಪ್ಪು ಮುಚ್ಚಲು ಸುಳ್ಳು ಹೇಳುತ್ತಾಳೆ ಎನ್ನುವುದಿಲ್ಲವೇ. ಮೂವತ್ತೊಂದು ವರ್ಷವಾಯಿತು, ಅವತ್ತಿನಿಂದ ನಾನು ಒಂದು ಕತೆಯನ್ನೂ ಹೇಳಿಲ್ಲ, ನನ್ನ ಅಕ್ಕಪಕ್ಕದಲ್ಲಿ ಬೇರೆಯವರು ಹೇಳುತ್ತಾರೆ, ನಾನು ಮಾತಿಲ್ಲದೆ ಕೂತು ಕೇಳುತ್ತೇನೆ, ನಾನೊಬ್ಬಳೇ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ.

ಪವಿತ್ರ, ಮಾರಿಟ್ ಕರೆಯುತ್ತಿದ್ದಾರೆ, ಪವಿತ್ರ, ನಿಮ್ಮ ಮೈಕು ಮುಚ್ಚಿದೆ — ತೆರೆದೆ. ಮೊರದ ಸದ್ದು ನಿಂತಿದೆ, ಅವ್ವ ಕಿವಿಗೊಟ್ಟಿರಬೇಕು, ಅವಳಿಗೆ ಇಂಗ್ಲಿಷು ಬರುವುದಿಲ್ಲ. ಪರದೆಯ ಮೂಲೆಯಲ್ಲಿ ಎರಡು ಕಡತ, ಧರ್ಮೇಂದ್ರ ಕತ್ತರಿಸಿದ್ದು ಒಂದು, ಕತ್ತರಿಸದೇ ಇರುವುದು ಒಂದು, ಕತ್ತರಿಸಿದ್ದನ್ನು ಕಳಿಸಿ, ಕ್ಷಮಿಸಿ, ಅದು ಮೇಕೆ ಮರಿ ಎಂದರೆ ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ, ಬೆರಳು ಅದರ ಮೇಲೇ ಇದೆ, ಕಳಿಸಿದರೆ ಅವಳು ಇನ್ನೊಂದು ಸಲ — ಇಲ್ಲ. ಎರಡನೆಯ ದನಿ ಯಾರದೆಂದು ಗೊತ್ತಾಯಿತೇ, ಮಾರಿಟ್ ಕೇಳುತ್ತಾರೆ. ಗೊತ್ತಾಯಿತು, ಅನ್ನುತ್ತೇನೆ, ನನ್ನ ದನಿ ನನಗೇ ದೂರದಿಂದ ಕೇಳುತ್ತದೆ. ಹೆಸರು? ಅನು. ವಯಸ್ಸು? ಏಳು. ನಿಮ್ಮ ಮಗಳೇ? ತಂಗಿ. ಮಾರಿಟ್ ಅವರ ಪೆನ್ನು ನಿಲ್ಲುತ್ತದೆ, ನನ್ನ ಕೂದಲಿನ ನರೆಯನ್ನು ನೋಡುತ್ತಿದ್ದಾರೆ, ಆಗ ಇಟಲಿಯ ಮುದುಕ ಪ್ರೊಫೆಸರು ನಡುವೆ ಬಂದು, ನನಗೆ ನಿಮ್ಮ ಭಾಷೆಯ ಒಂದು ಪದವೂ ಬಾರದು, ಆದರೂ ಹನ್ನೊಂದನ್ನೂ ಕೇಳಿದೆ, ಆ ಮಗು ಕೇಳುವ ರೀತಿಗೇ ನನಗೆ ಕತೆ ಅರ್ಥವಾದಂತಾಗುತ್ತಿತ್ತು, ಅವಳನ್ನು ದಯವಿಟ್ಟು ತೆಗೆಯಬೇಡಿ, ಅನ್ನುತ್ತಾನೆ. ಮೇಕೆ ಮರಿ ಎಂದು ಅವನಿಗೆ ಕೇಳಿಸಿಲ್ಲ. ಪೋಷಕರ ಸಹಿ ಇವತ್ತು ಸಂಜೆಯೊಳಗೆ ಬಂದರೆ ನನ್ನ ಅಡ್ಡಿಯಿಲ್ಲ, ಅನ್ನುತ್ತಾರೆ ಮಾರಿಟ್, ಪೋಷಕರು ಯಾರು? ನಮ್ಮ ತಾಯಿ, ಇಲ್ಲೇ ಇದ್ದಾರೆ. ಕೈಗಳು ಏಳುತ್ತವೆ, ಒಂದು, ಎರಡು, ಐದು, ಎಂಟು, ನನ್ನ ಹೆಸರಿನ ಪಕ್ಕದ ಚಿಹ್ನೆಯನ್ನು ಯಾರೋ ಅಳಿಸುತ್ತಾರೆ, ಮುಂದಿನ ವರ್ಷ ಜನವರಿಯಲ್ಲಿ ಮೊದಲ ತಂಡ, ನಾಲ್ಕು ತಾಲ್ಲೂಕು, ಆರು ವಾರ, ಅಭಿನಂದನೆ ಪವಿತ್ರ, ಎಲ್ಲರೂ ಕೈಬೀಸುತ್ತಾರೆ, ಮುಖಗಳು ಒಂದೊಂದಾಗಿ ಆರುತ್ತವೆ, ಕೊನೆಗೆ ಆ ಬಿಳಿ ಉದುರುವ ಕಿಟಕಿಯೂ.

ಕಾಗದ ತೆಗೆದುಕೊಂಡು ನಡುಮನೆಗೆ ಬಂದೆ. ಬರೆದಿದ್ದೇನೆ, ನನ್ನ ಕೈಯಲ್ಲೇ, ದನಿ ಕೊಟ್ಟವರು ಅನು, ವಯಸ್ಸು ಏಳು, ಊರು ಅರಕೆರೆ, ತಾಯಿ ಜಯಲಕ್ಷ್ಮಮ್ಮ, ಕೆಳಗೆ ಅಚ್ಚಾದ ಸಾಲು, ಇವರು ಯಾವಾಗ ಬೇಕಾದರೂ ನಿಲ್ಲಿಸಬಹುದು. ಅವ್ವ ಕೈ ಸೆರಗಿಗೆ ಒರೆಸಿಕೊಂಡು ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದಳು, ನಾಲ್ಕನೇ ತರಗತಿ ಓದಿದವಳು, ಅಕ್ಷರ ಅಕ್ಷರವಾಗಿ ತುಟಿ ಆಡಿಸಿ ಓದಿದಳು, ಹೆಸರಿನ ಹತ್ತಿರ ತುಟಿ ನಿಂತಿತು, ಮತ್ತೆ ಆಡಿತು. ಇದೇನು, ಅನ್ನುತ್ತಾಳೆ, ಅಳುತ್ತಾಳೆ, ಕಾಗದ ಹರಿಯುತ್ತಾಳೆ, ಏನೇನೋ ಅಂದುಕೊಂಡು ನಿಂತಿದ್ದೆ, ಅವಳು ಪೆನ್ನು ಕೇಳಿದಳು. ಸಹಿ ಹಾಕಿದಳು, ಜ ದೊಡ್ಡದು, ಉಳಿದವು ಚಿಕ್ಕವು. ನಾನೇ ತಡೆಯಲಾರದೆ, ಅವ್ವಾ, ಅವತ್ತು ಅವಳು ಬಾಗ್ಲುಗಂಟ ಊಂ ಅಂತಾನೇ ಇದ್ಲು ಕಣವ್ವ, ಅಂದೆ, ಮೂವತ್ತೊಂದು ವರ್ಷದ ಮಾತು, ಅಂದಾಗ ಎಷ್ಟು ಸಣ್ಣದು. ಅವ್ವ ಪೆನ್ನಿನ ಮುಚ್ಚಳ ಹಾಕಿದಳು. ಗೊತ್ತು ಕಣ್ ಮಗ, ಅಂದಳು, ನಂಗೂ ಕೇಳುಸ್ತು, ನಾನು ಒಳಗೆ ಮುದ್ದೆ ಕಟ್ಟುತಿದ್ದೆ, ನೀನು ಕತೆ ಹೇಳ್ಕೊಂಡು ಬೀದೀಲಿ ಬತ್ತಾ ಇದ್ದೆ, ಅವಳು ಊಂ ಅನ್ಕೊಂಡು ಬತ್ತಾ ಇದ್ಲು, ಬಂದ್ರು ಇಬ್ರೂ ಅಂತ ಎರಡ್ ತಟ್ಟೆ ಇಕ್ಕುದೆ. ಯಾಕವ್ವ ಹೇಳ್ನಿಲ್ಲ, ಅಂದೆ. ನೀನು ನೋಡ್ನಿಲ್ಲ ಅಂದೆಯಲ್ಲ, ನಂಗೊಬ್ಬುಳ್ಗೇ ಕೇಳ್ಸಿದ್ದು ಅನ್ಕಂಡೆ, ಹೇಳುದ್ರೆ ನೀನು ಹೆದ್ರುಕೊಂಡುಬುಡ್ತೀಯ ಅಂತ ಸುಮ್ಕಾದೆ, ಅಂದಳು, ಮೊರ ಎಳೆದುಕೊಂಡಳು, ಅವರೆಕಾಯಿ ಮತ್ತೆ ಸುಲಿಯತೊಡಗಿದಳು. ಎರಡು ತಟ್ಟೆ. ನಾನು ಅದನ್ನು ನೋಡಿದ್ದೆ, ಬೀದಿಯ ಬಿಸಿಲಿನಿಂದ ಮುಖ ತಿರುಗಿಸಿ ಚಿನ್ನೂ ಎಂದು ಕೂಗುವ ಮೊದಲು ಹೊಸಿಲಿನಾಚೆ ನೋಡಿದ್ದೆ, ಇಷ್ಟು ವರ್ಷ ಎಲ್ಲಿತ್ತು ಅದು, ಗೋಡೆಯ ಬದಿಗೆ ಎರಡು ಹಿತ್ತಾಳೆ ತಟ್ಟೆ, ಎರಡರಲ್ಲೂ ಮುದ್ದೆ, ಎರಡರಿಂದಲೂ ಹಬೆ, ದೊಡ್ಡ ಮುದ್ದೆ ನನ್ನದು, ದುಂಡಗೆ, ಯಾರೂ ಮುಟ್ಟಿಲ್ಲ, ಚಿಕ್ಕದರ ನೆತ್ತಿಯಲ್ಲಿ ಒಂದು ಗುಳಿ, ಸಾರು ನಿಲ್ಲಲಿ ಎಂದು ಬೆರಳಿನಿಂದ ಒತ್ತಿ ಮಾಡುವ ಗುಳಿ, ಅವ್ವ ಯಾವತ್ತೂ ಒತ್ತಿ ಇಕ್ಕಿದವಳಲ್ಲ, ಅವರವರ ಮುದ್ದೆ ಅವರವರು ಒತ್ತಿಕೊಳ್ಳುತ್ತಿದ್ದೆವು — ಚಿಕ್ಕ ಮುದ್ದೆ, ನೆತ್ತಿಯಲ್ಲಿ ಗುಳಿ, ಏಳು ವರ್ಷದ ಬೆರಳಿನಷ್ಟು ಅಗಲ, ಎರಡು ತಟ್ಟೆ, ಒಂದರಲ್ಲಿ ಗುಳಿ, ಗುಳಿಯ ತುಂಬ ಸಾರು, ಸಾರಿನ ಮೇಲೆ ಹಬೆ, ಎರಡು ತಟ್ಟೆ, ಗುಳಿ —